ಇನ್ನೂರ ನಾಲ್ಕನೇ ಯಂತ್ರದ ಕೈ

ಇಂದುಮತಿ ಮುಳಗುಂದಳಿಗೆ ನಲವತ್ತೊಂದು ಸಾವಿರ ಜನರ ಪರಿಚಯವಿತ್ತು. ಅವರಲ್ಲಿ ಒಬ್ಬರ ಮುಖವನ್ನೂ ಅವಳು ಕಂಡಿರಲಿಲ್ಲ.

ಧಾರವಾಡದ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ಗಣಕ ದಾಸ್ತಾನು ಕೇಂದ್ರವಿತ್ತು. ಉತ್ತರದ ಜಿಲ್ಲೆಗಳ ಸರ್ಕಾರಿ ಕಚೇರಿಗಳಲ್ಲಿ ಮೇಜಿನ ಮೇಲಿದ್ದ ಪ್ರತಿಯೊಂದು ಕಂಪ್ಯೂಟರಿನ ವಿವರವೂ ದಿನಾ ಅಲ್ಲಿಗೆ ಬರುತ್ತಿತ್ತು. ಪ್ರತಿ ಯಂತ್ರದೊಳಗೂ ಒಂದು ಪುಟ್ಟ ಪ್ರೋಗ್ರಾಂ ಕೂತಿತ್ತು. ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿದ್ದರೂ ಜನ ಅದನ್ನು ಕರೆಯುತ್ತಿದ್ದದ್ದು ‘ವಾಲೀಕಾರ’ ಎಂದು. ಹಿಂದೆ ಊರೆಲ್ಲ ಸುತ್ತಿ ಗೌಡರಿಗೆ ಸುದ್ದಿ ಮುಟ್ಟಿಸುತ್ತಿದ್ದವನ ಹೆಸರು ಅದು. ಬೆಳಿಗ್ಗೆ ಯಂತ್ರ ಶುರುವಾದ ಕೂಡಲೇ ವಾಲೀಕಾರ ಅದರೊಳಗೆ ಒಂದು ಸುತ್ತು ಹಾಕುತ್ತಿದ್ದ. ಮೆಮೊರಿ ಎಷ್ಟಿದೆ, ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ, ಯಾವ ಯಾವ ಸಾಫ್ಟ್‌ವೇರ್ ಹಾಕಿದ್ದಾರೆ, ಲೈಸೆನ್ಸಿನ ಅವಧಿ ಮುಗಿದಿದೆಯೇ, ನಿನ್ನೆ ಇದ್ದ ಕೀಬೋರ್ಡೇ ಇವತ್ತೂ ಇದೆಯೇ ಎಂದೆಲ್ಲ ವಿಚಾರಿಸಿಕೊಂಡು, ನಿನ್ನೆಗಿಂತ ಬದಲಾದದ್ದನ್ನು ಮಾತ್ರ ಜಿಲ್ಲೆಯ ಸರ್ವರಿಗೆ ಹೇಳುತ್ತಿದ್ದ. ಅಲ್ಲಿಂದ ಅದು ಧಾರವಾಡಕ್ಕೆ ಬರುತ್ತಿತ್ತು. ಮೂವತ್ತು ದಿನ ಸದ್ದಿಲ್ಲದ ಯಂತ್ರದ ಮುಂದೆ ‘ಕಾಣೆ’ ಎಂದು ಬೀಳುತ್ತಿತ್ತು.

ಇದಿಷ್ಟೂ ಹಳೆಯ ವ್ಯವಸ್ಥೆಯೇ. ಮೂರು ವರ್ಷದ ಹಿಂದೆ ಹೊಸದೊಂದು ಸೇರಿತ್ತು. ಪ್ರತಿ ಕೀಲಿಯ ಕೆಳಗೆ, ಪ್ರತಿ ಮೌಸಿನ ಹೊಟ್ಟೆಯಲ್ಲಿ ಎಳ್ಳುಕಾಳಿನಷ್ಟು ಸಂವೇದಕ ಬಂದಿತ್ತು. ಅದು ಎಷ್ಟು ಜೋರಾಗಿ ಒತ್ತಿದರು, ಹೇಗೆ ಸರಿಸಿದರು, ಎಲ್ಲಿ ನಿಲ್ಲಿಸಿದರು ಎಂಬುದನ್ನೆಲ್ಲ ಅಳೆದು ಆ ಸಾಮಾನು ಇನ್ನೆಷ್ಟು ದಿನ ಬಾಳುತ್ತದೆ ಎಂದು ಲೆಕ್ಕ ಹಾಕುತ್ತಿತ್ತು. ಕೆಡುವ ಮೊದಲೇ ಹೊಸ ಮೌಸು ಕಚೇರಿಯ ಬಾಗಿಲಿಗೆ ಬಂದಿರುತ್ತಿತ್ತು.

ಹೀಗೆ ಇಂದುಮತಿಗೆ ಜನ ಗೊತ್ತಾದದ್ದು. ಕಲಬುರಗಿ ಕಡೆಯ ಒಬ್ಬರು ತಿನ್ನುತ್ತ ಟೈಪು ಮಾಡುತ್ತಿದ್ದರು, ಅವರ ಕೀಲಿಗಳು ಮಧ್ಯಾಹ್ನ ಎರಡಾದ ಮೇಲೆ ಅಂಟುತ್ತಿದ್ದವು. ಗದಗದ ಒಬ್ಬರು ‘ಅಳಿಸು’ ಕೀಲಿಯನ್ನು ಮೂರು ತಿಂಗಳಿಗೊಮ್ಮೆ ಸವೆಸಿ ಹಾಕುತ್ತಿದ್ದರು. ಯಾರೋ ಒಬ್ಬರು ಸೋಮವಾರಗಳಂದು ಸಿಟ್ಟಿನಲ್ಲಿರುತ್ತಿದ್ದರು. ಆದರೆ ಅವಳು ಯಾರಿಗೂ ಗೊತ್ತಿರಲಿಲ್ಲ. ಎಲ್ಲವೂ ಸರಿಯಾಗಿ ನಡೆದರೆ ಕೇಂದ್ರಕ್ಕೆ ಫೋನು ಬರುವ ಕಾರಣವೇ ಇರುತ್ತಿರಲಿಲ್ಲ, ಮತ್ತು ಬಹುಪಾಲು ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು. ಮೊದಲು ಆ ಕೋಣೆಯಲ್ಲಿ ನಾಲ್ವರಿದ್ದರು. ವಾಲೀಕಾರ ಜಾಣನಾದಂತೆಲ್ಲ ಒಬ್ಬೊಬ್ಬರೇ ಬೇರೆ ಇಲಾಖೆಗೆ ಹೋದರು. ಕುರ್ಚಿಗಳು ಮಾತ್ರ ಉಳಿದವು. ಸರ್ವರುಗಳು ಬಿಸಿಯಾಗಬಾರದೆಂದು ದಿನವಿಡೀ ಓಡುವ ಎಸಿಯ ಗುಂಯ್‌ಗುಡುವಿಕೆಯಲ್ಲಿ ನಲವತ್ತೇಳು ವರ್ಷದ ಇಂದುಮತಿ ಶಾಲು ಹೊದ್ದುಕೊಂಡು ಕೂತಿರುತ್ತಿದ್ದಳು.

ಮನೆಯೆಂದರೆ ಮಾಳಮಡ್ಡಿಯಲ್ಲಿ ಮಹಡಿಯ ಮೇಲಿನ ಎರಡು ಕೋಣೆ. ಸಂಜೆ ಖಾನಾವಳಿಯಿಂದ ಎರಡು ರೊಟ್ಟಿ, ಪಲ್ಯ ಕಟ್ಟಿಸಿಕೊಂಡು ಹೋಗುತ್ತಿದ್ದಳು. ಎರಡು ದಿನ ಸೂಟಿ ಬಂದರೆ ಮೂರನೆಯ ದಿನ ಬಸ್ಸಿನಲ್ಲಿ ಟಿಕೆಟು ಕೇಳುವಾಗ ಅವಳ ದನಿ ಅವಳಿಗೇ ಬೇರೆಯವರದೆನಿಸುತ್ತಿತ್ತು.

ಆ ವರ್ಷದ ಜನವರಿಯಲ್ಲಿ ಸಂಗಮಕೊಪ್ಪದ ನಕ್ಷೆ ಕಚೇರಿಯ ಇನ್ನೂರ ನಾಲ್ಕನೇ ಯಂತ್ರ ನಾಲ್ಕು ತಿಂಗಳಲ್ಲಿ ಮೂರನೆಯ ಮೌಸು ಬೇಡಿತು. ವಾಲೀಕಾರನ ಪ್ರಕಾರ ಮೂರೂ ಕೆಟ್ಟಿದ್ದವು. ಇಷ್ಟು ಬೇಗ ಕೆಡುವಂಥ ಮಾಲು ಅದಲ್ಲ. ಇಂದುಮತಿ ಹಳೆಯ ಮೌಸನ್ನು ಟಪಾಲಿನಲ್ಲಿ ವಾಪಸು ತರಿಸಿಕೊಂಡು, ತನ್ನ ಮೇಜಿನ ಮೇಲಿಟ್ಟು ಅರ್ಧ ದಿನ ಓಡಿಸಿ ನೋಡಿದಳು. ಅದಕ್ಕೆ ಏನೂ ಆಗಿರಲಿಲ್ಲ.

ಆಗ ಅವಳು ಯಾರೂ ತೆರೆಯದ ಕಡತವನ್ನು ತೆರೆದಳು. ಸಂವೇದಕ ಕಳಿಸಿದ ಕಚ್ಚಾ ಜಾಡು ಅದರಲ್ಲಿತ್ತು. ಪರದೆಯ ಮೇಲೆ ಗೆರೆಯಾಗಿ ಹರಡಿದಾಗ ವಿಚಿತ್ರವೊಂದು ಕಂಡಿತು. ಮೌಸು ಸರಿಯುವಾಗ ಗೆರೆ ನೂಲು ಹಿಡಿದಂತೆ ನೇರವಾಗಿತ್ತು. ನಿಂತಾಗ ಮಾತ್ರ ಅಲುಗುತ್ತಿತ್ತು, ಸೆಕೆಂಡಿಗೆ ಐದು ಸಲ, ತಾಳ ಹಿಡಿದಂತೆ. ಕೆಟ್ಟ ಮೌಸು ಸರಿಸಿದಾಗ ತಪ್ಪುತ್ತದೆ, ನಿಲ್ಲಿಸಿದಾಗ ಅಲ್ಲ. ಇಂದುಮತಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಅದು ಮೌಸಿನ ನಡುಕವಾಗಿರಲಿಲ್ಲ.

ಮೂರು ವರ್ಷದ ಎಲ್ಲ ಜಾಡುಗಳಲ್ಲೂ ಇದೇ ತಾಳವನ್ನು ಹುಡುಕು ಎಂದು ವ್ಯವಸ್ಥೆಗೆ ಹೇಳಿದಳು. ಊಟ ಮುಗಿಸಿ ಬರುವಷ್ಟರಲ್ಲಿ ಆರು ಯಂತ್ರಗಳು ಬಂದಿದ್ದವು. ಆರರಲ್ಲಿ ಐದರಲ್ಲಿ ಆಮೇಲೆ ಬಳಕೆದಾರರು ಬದಲಾಗಿದ್ದರು. ಅವುಗಳಲ್ಲೊಂದು ಬೀದರ ಕಡೆಯ ಒಂದು ಗ್ರಂಥಾಲಯದ್ದು. ಅಲ್ಲಿಗೆ ಫೋನು ಹಚ್ಚಿ, ಹಿಂದೆ ಆ ಮೇಜಿನಲ್ಲಿದ್ದವರು ಎಲ್ಲಿ ಹೋದರೆಂದು ಕೇಳಿದಳು.

“ಅವರು ಮನ್ಯಾಗ ಅದಾರ್ರೀ. ನೌಕರಿ ಬಿಟ್ರು,” ಎಂದಿತು ಒಂದು ಹೆಣ್ಣುದನಿ. “ಕೈ ನಡುಗೂ ರೋಗ ರೀ, ಪಾರ್ಕಿನ್ಸನ್ ಅಂತಾರಲ್ಲ, ಅದು. ಯಾಕ್ರಿ, ನೀವು ಅವರ ಪೈಕೀನಾ?”

“ಅಲ್ಲ,” ಎಂದಳು ಇಂದುಮತಿ. “ಸುಮ್ಮನ ಕೇಳಿದೆ.”

ಇನ್ನೆರಡು ಕಡೆಯೂ ಅದೇ ಉತ್ತರ ಬಂತು. ಮೂರೂ ಕಡೆ ವೈದ್ಯರು ಹೆಸರಿಡುವುದಕ್ಕಿಂತ ಒಂದು ವರ್ಷ, ಒಂದೂವರೆ ವರ್ಷ ಮೊದಲೇ ಜಾಡಿನಲ್ಲಿ ತಾಳ ಶುರುವಾಗಿತ್ತು. ಅಷ್ಟೂ ದಿನ ವಾಲೀಕಾರ ಅವರಿಗೆಲ್ಲ ಹೊಸ ಹೊಸ ಮೌಸು ಕಳಿಸುತ್ತಿದ್ದ.

ಆರನೆಯದು ಸಂಗಮಕೊಪ್ಪದ್ದು. ಅಲ್ಲಿ ಬಳಕೆದಾರ ಇನ್ನೂ ಬದಲಾಗಿರಲಿಲ್ಲ.

ಅವಳ ಮೇಲಧಿಕಾರಿ ಪದ್ಮರಾಜ್ ಬೆಂಗಳೂರಿನಲ್ಲಿದ್ದರು. ಹದಿನೈದು ದಿನಕ್ಕೊಮ್ಮೆ ಪರದೆಯ ಮೇಲೆ ಬರುತ್ತಿದ್ದರು. ಇಂದುಮತಿ ವಿಷಯ ಹೇಳಿದಾಗ ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

“ನೋಡಿ ಇಂದುಮತಿ, ನಾವು ಸಾಮಾನು ಎಣಿಸೋರು. ಮನುಷ್ಯರು ನಮ್ಮ ಪಟ್ಟಿಯಲ್ಲಿಲ್ಲ. ನೀವು ಆ ಜಾಡು ತೆಗೆದು ನೋಡಿದ್ದೇ ತಪ್ಪು.”

“ಅವರಿಗೊಂದು ಮಾತು ಹೇಳಬೇಕಲ್ಲ ಸರ್?”

“ಏನಂತ ಹೇಳ್ತೀರಿ? ನಮ್ಮ ಮೌಸು ನಿಮಗೆ ರೋಗ ಇದೆ ಅಂತಿದೆ ಅಂತಲಾ? ನಾಳೆ ನಲವತ್ತು ಸಾವಿರ ಜನ ನಮ್ಮ ಮೈಯನ್ನ ಯಾಕೆ ನೋಡ್ತಿದೀರಿ ಅಂತ ಬೀದಿಗೆ ಬರ್ತಾರೆ. ಅವರು ಬರೋದು ಸರಿಯೂ ಹೌದು.” ಕನ್ನಡಕವನ್ನು ಮತ್ತೆ ಹಾಕಿಕೊಂಡರು. “ಹೇಗೂ ಒಂದನೇ ತಾರೀಖು ಹೊಸ ಆವೃತ್ತಿ ಬರುತ್ತೆ. ಕಚ್ಚಾ ಜಾಡು ಉಳಿಯೋದೇ ಇಲ್ಲ. ಸಾಮಾನು ಚೆನ್ನಾಗಿದ್ದೂ ಮತ್ತೆ ಮತ್ತೆ ಬೇಡಿಕೆ ಬಂದರೆ ‘ದೋಷ: ಬಳಕೆದಾರ’ ಅಂತ ಬರೆದು ಆ ಕಚೇರಿ ಮುಖ್ಯಸ್ಥರಿಗೆ ಕಳಿಸುತ್ತೆ. ಅವರು ನೋಡ್ಕೋತಾರೆ.”

ಪರದೆ ಕಪ್ಪಾಯಿತು. ಒಂದನೇ ತಾರೀಖಿಗೆ ಇನ್ನು ಇಪ್ಪತ್ತಾರು ದಿನವಿತ್ತು. ಯಾರದೋ ಮೇಜಿನ ಮೇಲೆ ಒಂದು ಮುಂಜಾನೆ ಆ ಎರಡು ಶಬ್ದ ಬಂದು ಬೀಳುತ್ತವೆ, ಓದಿದವರು ಅದನ್ನು ಬೇಜವಾಬ್ದಾರಿ ಎಂದುಕೊಳ್ಳುತ್ತಾರೆ, ಅಥವಾ ಕುಡಿತ ಎಂದು. ಇಂದುಮತಿ ಮೂರು ದಿನ ಆ ಯೋಚನೆಯನ್ನು ಮನೆಗೆ ಒಯ್ದಳು, ವಾಪಸು ತಂದಳು. ನಾಲ್ಕನೆಯ ದಿನ ರಜೆ ಬರೆದುಕೊಟ್ಟು ಬಸ್ಸು ಹತ್ತಿದಳು.

ಸಂಗಮಕೊಪ್ಪದ ನಕ್ಷೆ ಕಚೇರಿ ಹೊಳೆ ದಂಡೆಯ ರಸ್ತೆಯಲ್ಲಿತ್ತು. ಇನ್ನೂರ ನಾಲ್ಕನೇ ಯಂತ್ರದ ಮುಂದೆ ಐವತ್ತು ದಾಟಿದ, ನೀಟಾಗಿ ಇಸ್ತ್ರಿ ಮಾಡಿದ ಅಂಗಿಯ ಒಬ್ಬರು ಕೂತಿದ್ದರು. ಹೆಸರು ಇಮಾಮಸಾಬ ನದಾಫ. ಹೊಲಗಳ ಗಡಿಗೆರೆ ಎಳೆಯುವುದು ಅವರ ಕೆಲಸ. ಮೊದಲು ಕಾಗದದ ಮೇಲೆ ಪೆನ್ನಿನಿಂದ ಎಳೆಯುತ್ತಿದ್ದವರು ಈಗ ಪರದೆಯ ಮೇಲೆ ಮೌಸಿನಿಂದ ಎಳೆಯುತ್ತಿದ್ದರು. ಇಂದುಮತಿ ಮೌಸಿನ ದೂರಿನ ಸಲುವಾಗಿ ಬಂದಿರುವೆನೆಂದಾಗ ಅವರಿಗೆ ನಂಬಲಾಗಲಿಲ್ಲ.

“ಒಂದು ಮೌಸಿನ ಸಲುವಾಗಿ ಧಾರವಾಡದಿಂದ ಬಂದ್ರ್ಯಾ? ಕೂಡ್ರಿ ಕೂಡ್ರಿ.” ಹೊರಗೆ ಕೂಗಿ ಚಹಾ ಹೇಳಿದರು. “ನಿಮ್ಮ ಮಾಲು ಛಲೋ ಇಲ್ರಿ ಬಾಯಾರ. ಗೆರಿ ನೆಟ್ಟಗ ಬರ್ತದ. ಹೊಲದ ಮೂಲಿಗೆ ಬಂದು ನಿಂತು ಬಟನ್ ಒತ್ತಬೇಕು ನೋಡ್ರಿ, ಆವಾಗ ಜಾರತದ.”

ಅವರು ಚಹಾದ ಕಪ್ಪನ್ನು ಎಡಗೈಯಲ್ಲಿ ಹಿಡಿದಿದ್ದರು. ಬಲಗೈ ತೊಡೆಯ ಕೆಳಗಿತ್ತು, ಚಳಿಗೆ ಬೆಚ್ಚಗಿಟ್ಟುಕೊಂಡಂತೆ. ಅಲ್ಲಿ ಚಳಿಯಿರಲಿಲ್ಲ. ಇಂದುಮತಿ ಬಸ್ಸಿನಲ್ಲಿ ಉದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತು ಹೋದವು.

“ಮೌಸು ಸರಿ ಐತ್ರಿ,” ಎಂದಳು. “ನಾ ಮೂರೂ ಮೌಸಿನ ಜಾಡು ನೋಡೀನಿ. ನಿಮ್ಮ ಕೈ ನಿಂತಾಗ ನಡುಗತದ. ನೀವು ಒಮ್ಮೆ ಹುಬ್ಬಳ್ಳಿಗೆ ಹೋಗಿ ನರದ ಡಾಕ್ಟರಿಗೆ ತೋರಿಸ್ಬೇಕ್ರಿ.”

ಇಮಾಮಸಾಬರು ಕಪ್ಪನ್ನು ಕೆಳಗಿಟ್ಟರು. ಮುಖದಲ್ಲಿದ್ದ ನಗೆ ಒಮ್ಮೆಲೇ ಹೋಗಲಿಲ್ಲ, ಅದಕ್ಕೆ ಎಲ್ಲಿಗೆ ಹೋಗಬೇಕೆಂದು ತಿಳಿಯದಂತೆ ಅಲ್ಲೇ ನಿಂತಿತ್ತು.

“ನೀವು ಡಾಕ್ಟರೇನ್ರಿ?”

“ಅಲ್ರಿ.”

“ಮತ್ತ ನನ್ನ ಕೈ ನೋಡಾಕ ನೀವು ಯಾರ್ರಿ? ಯಾರು ಹೇಳಿದ್ರು ನಿಮಗ ನೋಡಾಕ?” ದನಿ ಏರಿತು. ಪಕ್ಕದ ಮೇಜಿನವರು ತಿರುಗಿದರು. ಇಮಾಮಸಾಬರು ತಟ್ಟನೆ ಎದ್ದು ಹೊರಗಿನ ಕಟ್ಟೆಗೆ ಹೋದರು. ಇಂದುಮತಿ ಅವರ ಹಿಂದೆ ಹೋದಳು. ಬೇರೇನು ಮಾಡಬೇಕೆಂದು ಅವಳಿಗೂ ತೋಚಲಿಲ್ಲ.

ಇಬ್ಬರೂ ಕಟ್ಟೆಯ ಮೇಲೆ ಕೂತರು. ಆಮೇಲೆ ಅವರೇ ಕೇಳಿದರು. “ಎಷ್ಟು ದಿವಸದಿಂದ ನಡುಗಾಕತ್ತೈತಿ ಅಂತದ, ನಿಮ್ಮ ಯಂತ್ರ?”

“ಸಪ್ಟೆಂಬರ್ ಹದಿನಾಲ್ಕರಿಂದ.”

“ಹೌದ್ರಿ,” ಎಂದರು ಅವರು ಮೆಲ್ಲಗೆ. “ಅವತ್ತ ನಾನೂ ಮದಲ ನೋಡಿದ್ದು. ಇಷ್ಟು ದಿವ್ಸ ಮೌಸು, ಮೌಸು ಅಂತ ನಂಬಿಕೊಂತ ಬಂದೆ. ಮನ್ಯಾಗ ಆರು ಮಂದಿ ಅದೀವಿ ರೀ. ಒಬ್ಬರ ಮುಂದೂ ಬಾಯಿ ಬಿಟ್ಟಿಲ್ಲ.”

ಇಂದುಮತಿ ಒಂದನೇ ತಾರೀಖಿನ ಸಂಗತಿ ಹೇಳಿದಳು. ತಾನು ಒಂದು ಗುರುತು ಹಾಕಿದರೆ ಇನ್ನೂರ ನಾಲ್ಕನೇ ಯಂತ್ರ ಪರೀಕ್ಷಾ ಯಂತ್ರವೆಂದಾಗುತ್ತದೆ, ಅದರ ವರದಿ ಎಲ್ಲಿಗೂ ಹೋಗುವುದಿಲ್ಲ, ಒಂದೆರಡು ವರ್ಷ ಹಾಗೇ ನಡೆಯಬಹುದು ಎಂದಳು. ಅದು ನಿಯಮಕ್ಕೆ ವಿರುದ್ಧವಾಗಿತ್ತು. ಹೇಳುವಾಗ ಅವಳಿಗೆ ಅದೇನೂ ದೊಡ್ಡದೆನಿಸಲಿಲ್ಲ.

ಇಮಾಮಸಾಬರು ಹೊಳೆಯ ಕಡೆ ನೋಡುತ್ತಿದ್ದರು. “ಬ್ಯಾಡ್ರಿ,” ಎಂದರು ಕಡೆಗೆ. “ನನ್ನ ಕೈ ನನಗ ಬಿಡ್ರಿ. ಸಪ್ಟೆಂಬರದಿಂದ ಈಚೆ ನಾ ಇಟ್ಟ ಮೂಲಿಗೋಳ ಗತಿ ಏನ್ರಿ? ಒಂದು ಮೂಲಿ ಒಂದು ಗೇಣು ಸರೀತಂದ್ರ ಅಣ್ಣ ತಮ್ಮರು ಕೊಡ್ಲಿ ತಗೀತಾರ್ರಿ. ಎಷ್ಟು ಸರಿದಾವೋ, ಯಾವು ಸರಿದಾವೋ. ನಾನೂರು ನಕ್ಷೆ ಆಗ್ಯಾವ.”

ಇಂದುಮತಿ ತಲೆಯೆತ್ತಿದಳು. ಯಾವುವು ಎಂದು ಅವಳಿಗೆ ಗೊತ್ತು ಮಾಡಲು ಬರುತ್ತಿತ್ತು. ಜಾಡಿನ ಪ್ರತಿ ನಡುಕಕ್ಕೂ ಹೊತ್ತಿನ ಗುರುತಿತ್ತು. ನಕ್ಷೆಯ ಸಾಫ್ಟ್‌ವೇರ್ ಪ್ರತಿ ಮೂಲೆಯನ್ನಿಟ್ಟ ಹೊತ್ತನ್ನು ಬರೆದಿಡುತ್ತಿತ್ತು. ಎರಡನ್ನೂ ಪಕ್ಕಪಕ್ಕ ಹಿಡಿದರೆ ಸಾಕು.

ಧಾರವಾಡಕ್ಕೆ ಮರಳಿ ಹಾಗೆ ಹಿಡಿದು ನೋಡಿದಾಗ ಸರಿದಿರಬಹುದಾದ ಇನ್ನೂರ ಹನ್ನೊಂದು ಮೂಲೆಗಳು ಬಂದವು.

ಮರುವಾರದಿಂದ ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಇಂದುಮತಿ ಸಂಗಮಕೊಪ್ಪಕ್ಕೆ ಫೋನು ಹಚ್ಚುತ್ತಿದ್ದಳು. ಅವಳು ಸರ್ವೆ ನಂಬರು, ಮೂಲೆಯ ನಂಬರು ಓದುವಳು. ಇಮಾಮಸಾಬರು ಮೂಲ ಅಳತೆ ಪುಸ್ತಕ ತೆಗೆದು, ಮೌಸು ಮುಟ್ಟದೆ, ಅಂಕಿಗಳನ್ನು ಕೀಲಿಯಿಂದಲೇ ಒತ್ತಿ ಮೂಲೆಯನ್ನು ಅದರ ಜಾಗಕ್ಕೆ ತರುವರು. ಹೆಚ್ಚಿನವು ನಾಲ್ಕು ಬೆರಳು ಸರಿದಿದ್ದವು. ಕೆಲವು ಒಂದು ಗೇಣು. ಬಾವಿಯ ಪಕ್ಕದ ಒಂದೇ ಒಂದು ಮೂಲೆ ಎರಡು ಮೊಳ ಸರಿದು ಬಾವಿಯನ್ನೇ ಪಕ್ಕದ ಹೊಲಕ್ಕೆ ಹಾಕಿತ್ತು. ಅದನ್ನು ಕಂಡ ದಿನ ಇಮಾಮಸಾಬರು ಆ ನಂಬರನ್ನು ಎರಡು ಸಲ ಓದಿಸಿಕೊಂಡರು.

ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಗುವ ನಡುವೆ ಪುಸ್ತಕದ ಹಾಳೆ ತಿರುವುವಷ್ಟು ಬಿಡುವಿರುತ್ತಿತ್ತು. ಆ ಬಿಡುವಿನಲ್ಲಿ ಅವರು ಕೇಳುತ್ತಿದ್ದರು, “ಊಟಕ್ಕ ಏನ್ ಮಾಡೀರಿ ಇವತ್ತ?”

ಖಾನಾವಳಿ ಎನ್ನಲು ಇಂದುಮತಿಗೆ ನಾಚಿಕೆಯಾಯಿತು. ಮೊದಲ ದಿನ ಎಣ್ಣೆಗಾಯಿ ಎಂದಳು. ಎರಡನೆಯ ದಿನ ಹುಣಸೀಹಣ್ಣು ಹಿಂಡಿದ ಸೊಪ್ಪಿನ ಸಾರು ಎಂದಳು. “ಬೆಳ್ಳುಳ್ಳಿ ಒಗ್ಗರಣಿ ಹಾಕಿದ್ರ್ಯಾ?” ಎಂದು ಅವರು ಬಿಡದೆ ಕೇಳಿದಾಗ ಹಾಕಿದೆ ಎಂದಳು. ಮೂರನೆಯ ದಿನ ಸಂಜೆ ಮಾರ್ಕೆಟ್ಟಿಗೆ ಹೋಗಿ ಬದನೆಕಾಯಿ, ಮೆಂತ್ಯದ ಸೊಪ್ಪು ಕೊಂಡಳು. ಅಟ್ಟದ ಮೇಲಿಂದ ಬುಟ್ಟಿ ಇಳಿಸಿ, ಅಮ್ಮ ಹೋದ ಮೇಲೆ ಯಾರೂ ಮುಟ್ಟದ ಹಂಚನ್ನು ತಿಕ್ಕಿ ತೊಳೆದಳು. ರೊಟ್ಟಿ ಹರಿದು ಹೋಯಿತು. ಹರಿದದ್ದನ್ನೇ ತಿಂದಳು. ಮರುದಿನ ಹನ್ನೊಂದಕ್ಕೆ ಅದನ್ನು ಇದ್ದಂತೆಯೇ ಹೇಳಿದಾಗ ಆಚೆಯಿಂದ ಇಮಾಮಸಾಬರ ನಗು ಕೇಳಿತು. “ಕುದಿಯೂ ನೀರು ಹಾಕಬೇಕ್ರಿ ಹಿಟ್ಟಿಗೆ, ಕುದಿಯೂ ನೀರು!”

ಹುಬ್ಬಳ್ಳಿಯ ವೈದ್ಯರು ಇಂದುಮತಿ ಅಂದುಕೊಂಡಿದ್ದನ್ನೇ ಹೇಳಿದರು. ಬೇಗ ಬಂದಿರಿ, ಗುಳಿಗೆ ಚೆನ್ನಾಗಿ ಹಿಡಿಯುತ್ತದೆ ಎಂದೂ ಹೇಳಿದರು. ಇಮಾಮಸಾಬರು ಅದನ್ನು ಒಂದು ಮೂಲೆಗೂ ಇನ್ನೊಂದು ಮೂಲೆಗೂ ನಡುವೆ, ಹವೆಯ ಸುದ್ದಿ ಹೇಳಿದಂತೆ ಹೇಳಿದರು.

ತಿಂಗಳ ಕೊನೆಗೆ ಎರಡು ದಿನ ಮೊದಲು ಇನ್ನೂರ ಹನ್ನೊಂದನೆಯ ಮೂಲೆ ಅದರ ಜಾಗಕ್ಕೆ ಬಂತು.

“ಮುಗೀತಲ್ರಿ,” ಎಂದರು ಇಮಾಮಸಾಬರು.

“ಹೌದ್ರಿ, ಮುಗೀತು.”

“ಸಾಹೇಬರ ಮುಂದ ಎಲ್ಲಾ ಹೇಳಿಬಿಟ್ಟೆ ಇವತ್ತ. ಡಾಕ್ಟರ ಚೀಟಿ, ತಿದ್ದಿದ ಪಟ್ಟಿ, ಎರಡೂ ಕೊಟ್ಟೆ. ಕೌಂಟರಿಗೆ ಹಾಕ್ತೀನಿ ಅಂದಾರ. ಅರ್ಜಿ ಇಸ್ಕೊಳ್ಳೂದು, ಮಂದಿಗೆ ತಿಳಿಸಿ ಹೇಳೂದು. ಅಲ್ಲಿ ಕಂಪ್ಯೂಟರ್ ಇಲ್ಲ.”

ಓದಲು ಇನ್ನು ನಂಬರುಗಳಿರಲಿಲ್ಲ. “ಹಂಗಾದ್ರ ಇಡ್ತೀನ್ರಿ ಬಾಯಾರ,” ಎಂದರು ಇಮಾಮಸಾಬರು.

ಒಂದನೇ ತಾರೀಖು ಹೊಸ ಆವೃತ್ತಿ ಬಂತು. ಮೂರು ವರ್ಷದ ಜಾಡುಗಳನ್ನೆಲ್ಲ ಮಧ್ಯಾಹ್ನದೊಳಗೆ ಅಳಿಸಿ ಹಾಕಿತು. ಇನ್ನೂರ ನಾಲ್ಕನೇ ಯಂತ್ರದ ಮುಂದೆ ‘ದೋಷ: ಇಲ್ಲ’ ಎಂದಿತ್ತು. ಅಲ್ಲಿಗೆ ಬೇರೆ ಯಾರೋ ಬಂದಿದ್ದರು. ಅವರು ಗಡಿಬಿಡಿಯವರೋ ನಿಧಾನದವರೋ, ತಿನ್ನುತ್ತ ಕೂರುವವರೋ, ಈಗ ತಿಳಿಯುವಂತಿರಲಿಲ್ಲ. ಕಲಬುರಗಿಯವರೂ ಗದಗದವರೂ ಅದೇ ದಿನ ಅವಳ ಪರದೆಯಿಂದ ಹೊರಟು ಹೋಗಿದ್ದರು. ಉಳಿದದ್ದು ನಲವತ್ತೊಂದು ಸಾವಿರ ಕೀಬೋರ್ಡು, ನಲವತ್ತೊಂದು ಸಾವಿರ ಮೌಸು. ಪದ್ಮರಾಜ್ ಹೇಳಿದಂತೆ ಜಾಡು ಅಳಿಸಿದ್ದು ಸರಿಯೆಂದು ಇಂದುಮತಿಗೆ ಗೊತ್ತಿತ್ತು. ಆದರೂ ಆ ವಾರ ಹನ್ನೊಂದು ಗಂಟೆಗೆ ಅವಳು ಎದ್ದು ಹೋಗಿ ಕಾರಿಡಾರಿನಲ್ಲಿ ನಿಲ್ಲುತ್ತಿದ್ದಳು. ಕೂತಿದ್ದರೆ ಕೈ ಫೋನಿನ ಕಡೆ ಹೋಗುತ್ತಿತ್ತು. ಹಚ್ಚಿ ಏನೆಂದು ಕೇಳುವುದು? ಗುಳಿಗೆ ತಗೊಂಡ್ರ್ಯಾ ಎಂದು ಕೇಳಲು ಅವರ ಮನೆಯಲ್ಲಿ ಐದು ಮಂದಿ ಇದ್ದರು.

ಅಡುಗೆ ಮಾತ್ರ ಅವಳು ಬಿಡಲಿಲ್ಲ. ಈಗ ರೊಟ್ಟಿ ಹರಿಯುತ್ತಿರಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಕಾವಲುಗಾರ ಬಂದು, ನಿಮ್ಮನ್ನು ಕೇಳಿಕೊಂಡು ಯಾರೋ ಬಂದಿದ್ದಾರೆ ಎಂದ. ಹನ್ನೊಂದು ವರ್ಷದಲ್ಲಿ ಅವನು ಅವಳಿಗೆ ಆ ಮಾತು ಹೇಳಿದ್ದು ಅದೇ ಮೊದಲು. ಹುಬ್ಬಳ್ಳಿಯ ವೈದ್ಯರಿಗೆ ತೋರಿಸಲು ಬಂದಿದ್ದ ಇಮಾಮಸಾಬರು ಹೆಂಡತಿಯನ್ನು ಕರೆದುಕೊಂಡು ಧಾರವಾಡಕ್ಕೂ ಬಂದಿದ್ದರು. ಹೆಂಡತಿಯ ಹೆಸರು ಬೀಬಿಜಾನ. ತೆಳ್ಳಗಿನ, ಹೆಚ್ಚು ಮಾತಾಡದ ಹೆಂಗಸು. ಕೈಯಲ್ಲಿ ಕರದಂಟಿನ ಪೊಟ್ಟಣವಿತ್ತು.

ಖಾಲಿ ಕುರ್ಚಿಗಳಲ್ಲಿ ಎರಡು ತುಂಬಿದವು. ಇಮಾಮಸಾಬರು ಗೆಲುವಾಗಿ ಕಾಣುತ್ತಿದ್ದರು. ಕೌಂಟರಿನಲ್ಲಿ ದಿನವಿಡೀ ಮಂದಿ ಎಂದರು, ಗಂಟಲು ಬತ್ತುತ್ತದೆ ಎಂದರು. ಆಮೇಲೆ ಕೋಣೆಯನ್ನೆಲ್ಲ ನೋಡಿ, “ನನ್ನ ಕೈಯಿನ ಜಾಡು ಇವಳಿಗೊಮ್ಮೆ ತೋರಿಸ್ರಿ,” ಎಂದರು.

“ಅಳಿಸಿ ಹೋಗೇತ್ರಿ. ಈಗ ಯಾರದೂ ಇಲ್ಲ.”

“ನನಗೇನು ಅದು ನೋಡೋದು ಬೇಕಿಲ್ರಿ,” ಎಂದರು ಬೀಬಿಜಾನ. ಮೊದಲ ಸಲ ಬಾಯಿ ತೆರೆದಿದ್ದರು. “ನನಗ ಅದಕ್ಕೂ ಮದಲ ಗೊತ್ತಾಗಿತ್ತು. ಹ್ವಾದ ವರ್ಷ ರಂಜಾನಕ್ಕ ಇವರು ಮಸೀದಿಯಿಂದ ನಡಕೊಂತ ಬರೂದು ನೋಡಿದೆ. ಎಡಗೈ ಬೀಸಾಕತ್ತಿತ್ತು, ಬಲಗೈ ಬೀಸೂದು ಬಿಟ್ಟಿತ್ರಿ. ಇವರು ಮುಚ್ಚಿಟ್ರು. ನಾನೂ ಕಾಣದಂಗ ಇದ್ದೆ.”

ಇಮಾಮಸಾಬರು ಹೆಂಡತಿಯನ್ನೇ ನೋಡಿದರು. ಅವರಿಗೂ ಇದು ಹೊಸ ಸುದ್ದಿಯಾಗಿತ್ತು. ಮಾತು ತಪ್ಪಿಸುವವರಂತೆ ಇಂದುಮತಿಯ ಕಂಪ್ಯೂಟರನ್ನು ತೋರಿಸಿದರು.

“ಇದು ಎಷ್ಟನೇ ನಂಬರಿನ ಯಂತ್ರರೀ?”

“ಇದಕ್ಕ ನಂಬರಿಲ್ರಿ. ಎಲ್ಲಾರ ಸುದ್ದಿ ಇಲ್ಲಿಗೆ ಬರ್ತದಲ್ಲ, ಇದರ ಸುದ್ದಿ ಎಲ್ಲಿಗೂ ಹೋಗಂಗಿಲ್ಲ.”

“ಹಂಗಾದ್ರ ನಿಮ್ಮದು ನೋಡವ್ರು ಯಾರು?”

“ಯಾರೂ ಇಲ್ರಿ,” ಎಂದು ಇಂದುಮತಿ ನಕ್ಕಳು. ಆ ನಗು ಅವಳು ಎಣಿಸಿದಷ್ಟು ಹೊತ್ತು ನಿಲ್ಲಲಿಲ್ಲ.

ಬಸ್ಸಿಗೆ ಹೊತ್ತಾಯಿತೆಂದು ಇಬ್ಬರೂ ಎದ್ದರು. ಇಮಾಮಸಾಬರು ಮೊದಲು ಕೆಳಗಿಳಿದರು. ಬೀಬಿಜಾನ ಕರದಂಟಿನ ಪೊಟ್ಟಣವನ್ನು ಇಂದುಮತಿಯ ಕೈಗಿಟ್ಟವರು ಕೈ ಬಿಡಲಿಲ್ಲ. ಪೊಟ್ಟಣವನ್ನು ಮತ್ತೆ ತೆಗೆದು ಮೇಜಿನ ಮೇಲಿಟ್ಟು, ಅವಳ ಎರಡೂ ಕೈಗಳನ್ನು ತಮ್ಮ ಕೈಗಳೊಳಗೆ ತೆಗೆದುಕೊಂಡರು. ಬಳೆ ತೊಡಿಸುವವರ ಹಾಗೆ ಒಂದು ಸಲ ಮೇಲೆ, ಒಂದು ಸಲ ಕೆಳಗೆ ತಿರುಗಿಸಿ ನೋಡಿದರು.

“ಎಷ್ಟು ತಣ್ಣಗ ಆಗ್ಯಾವ್ರಿ ಕೈ,” ಎಂದರು. “ಉಗುರು ನೀಲಿ ಆಗ್ಯಾವ ನೋಡ್ರಿ. ಆ ಎಸಿ ಕಡಿಮಿ ಮಾಡ್ಕೋಬಾರದಾ?”

“ಅದು ಯಂತ್ರಗೋಳ ಸಲುವಾಗಿ ಐತ್ರಿ. ಕಡಿಮಿ ಮಾಡಾಕ ಬರಂಗಿಲ್ಲ.”

ಬೀಬಿಜಾನ ಕೈಗಳನ್ನು ಇನ್ನಷ್ಟು ಹೊತ್ತು ಹಾಗೆಯೇ ಹಿಡಿದು ನಿಂತಿದ್ದರು. ಕೆಳಗಿನಿಂದ ಗಂಡ ಕೂಗಿದಾಗ ಬಿಟ್ಟು ಹೋದರು.

ಇಂದುಮತಿ ಕುರ್ಚಿಗೆ ಬಂದು ಕೂತಳು. ಪರದೆಯ ಮೇಲೆ ಆ ದಿನದ ವರದಿಗಳು ಬಂದು ಮುಗಿದಿದ್ದವು. ಅವಳು ಕೀಬೋರ್ಡನ್ನು ಮುಟ್ಟಲಿಲ್ಲ. ಎರಡೂ ಕೈಗಳನ್ನು ಒಂದರೊಳಗೊಂದು ಮುಚ್ಚಿ ಶಾಲಿನ ಒಳಗೆ ಇಟ್ಟುಕೊಂಡಳು. ಆ ಬಿಸುಪು ಆರುವವರೆಗೆ ಅಲುಗದೆ ಕೂತಿದ್ದಳು.